ಬ್ರೇಕ್ ಬಿಚ್ಚಿದರೆ ಗುಂಡು ಜಾಗ ಬದಲಿಸುತ್ತದೆ: ನನ್ನ ರೈಫಲ್ ಕೆಟ್ಟಿತೇ?

ಓದುಗರ ಪ್ರಶ್ನೆ

ನನ್ನದು .308 ಕ್ಯಾಲಿಬರ್‌ನ ಬೋಲ್ಟ್ ಆಕ್ಷನ್ ಟಾರ್ಗೆಟ್ ರೈಫಲ್. ಸ್ಕೋಪ್ ಸೇರಿ 5 ಕಿಲೋ ತೂಗುತ್ತದೆ. ಬ್ಯಾರಲ್ 60 ಸೆಂ.ಮೀ. ಉದ್ದ, ದಪ್ಪನೆಯದು. 100 ಮತ್ತು 300 ಮೀಟರ್‌ನಲ್ಲಿ ಕಾಗದದ ಗುರಿಗೆ ಮಾತ್ರ ಹೊಡೆಯುತ್ತೇನೆ. ದಿನಕ್ಕೆ 50–60 ಗುಂಡು ಹಾರಿಸಿದರೆ ಹೆಗಲು ನೋಯುತ್ತಿತ್ತು. ಕೊನೆಯ ಇಪ್ಪತ್ತು ಗುಂಡುಗಳಲ್ಲಂತೂ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಆರು ತಿಂಗಳ ಹಿಂದೆ ಬ್ಯಾರಲ್‌ಗೆ ಥ್ರೆಡ್ ಮಾಡಿಸಿ, ಬಿಚ್ಚಿ ಹಾಕಬಹುದಾದ ಮಝಲ್ ಬ್ರೇಕ್ (ಬ್ಯಾರಲ್ ಬಾಯಿಗೆ ಕೂರಿಸಿ ಒದೆತ ಇಳಿಸುವ ತುಂಡು) ಹಾಕಿಸಿದೆ. ಒದೆತ ಅರ್ಧಕ್ಕರ್ಧ ಇಳಿಯಿತು.

ಈಗ ತೊಂದರೆ ಏನೆಂದರೆ, ನಾನು ಸೇರಬೇಕೆಂದಿರುವ 300 ಮೀಟರ್ ಸ್ಪರ್ಧೆಯಲ್ಲಿ ಬ್ರೇಕ್ ಹಾಕುವಂತಿಲ್ಲ. ಬಿಚ್ಚಿ ಹೊಡೆದರೆ 100 ಮೀಟರ್‌ನಲ್ಲಿ ಗುಂಡು 4 ಸೆಂ.ಮೀ. ಮೇಲೆ, ತುಸು ಬಲಕ್ಕೆ ಬೀಳುತ್ತದೆ. ಮತ್ತೆ ಹಾಕಿದರೆ ಹಳೆಯ ಜಾಗಕ್ಕೆ ಬರುವುದಿಲ್ಲ, ಒಂದೂವರೆ ಸೆಂ.ಮೀ. ಆಚೀಚೆ ಇರುತ್ತದೆ. ಪ್ರತಿ ಸಲ ಮೂರು ಮೂರು ಗುಂಡು ಹೊಡೆದು ನೋಡಿದ್ದೇನೆ. ಬ್ರೇಕ್ ಜೊತೆ ಬಂದ ಕ್ರಶ್ ವಾಷರ್ ಹಾಕಿ, ಸ್ಪ್ಯಾನರ್ ಹಿಡಿದು ಕೈ ಅಂದಾಜಿಗೆ ಬಿಗಿ ಮಾಡುತ್ತೇನೆ. ಒಬ್ಬರು ಬ್ರೇಕ್ ಹಾಕಿದರೆ ಗುರಿ ಸುಧಾರಿಸುತ್ತದೆ ಎನ್ನುತ್ತಾರೆ. ಇನ್ನೊಬ್ಬರು ಗುಂಡಿನ ವೇಗ ಕಡಿಮೆಯಾಗುತ್ತದೆ ಎನ್ನುತ್ತಾರೆ. ಪಕ್ಕದ ಲೇನ್‌ನವರು ಸದ್ದು ತಡೆಯಲಾರದೆ ಎದ್ದು ಬೇರೆ ಕಡೆ ಹೋದರು. ಥ್ರೆಡ್ ಮಾಡಿಸಿ ಒಳ್ಳೆಯ ಬ್ಯಾರಲ್ ಕೆಡಿಸಿಕೊಂಡೆನಾ? ಹೀಗೆ ಹಾಕುತ್ತಾ ಬಿಚ್ಚುತ್ತಾ ಇರಬಹುದಾ, ಇಲ್ಲ ಒಂದಕ್ಕೆ ಅಂಟಿಕೊಳ್ಳಬೇಕಾ?

ಉತ್ತರ

ಮೊದಲು ಸಮಾಧಾನದ ಮಾತು. ನೀವು ಬರೆದಿರುವುದನ್ನು ನೋಡಿದರೆ ಬ್ಯಾರಲ್ ಕೆಟ್ಟಿರುವ ಲಕ್ಷಣ ಯಾವುದೂ ಇಲ್ಲ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಂದಾಗಿ ಬೆರೆತಿವೆ. ಬಿಚ್ಚಿದಾಗ ಗುಂಡು 4 ಸೆಂ.ಮೀ. ಸರಿಯುವುದು ಸಹಜ. ಮರಳಿ ಹಾಕಿದಾಗ ಹಳೆಯ ಜಾಗಕ್ಕೆ ಬಾರದಿರುವುದು ಸಹಜವಲ್ಲ. ಮೊದಲನೆಯದನ್ನು ಅಳೆದು ಬರೆದಿಟ್ಟುಕೊಂಡರೆ ಸಾಕು. ಎರಡನೆಯದನ್ನು ರಿಪೇರಿ ಮಾಡಬೇಕು. ಪಕ್ಕದ ಲೇನ್‌ನವರ ವಿಷಯ ಮೂರನೆಯದು. ನನ್ನ ಮಟ್ಟಿಗೆ ಅದು ಉಳಿದೆರಡಕ್ಕಿಂತ ದೊಡ್ಡದು, ಮುಂದೆ ಬರುತ್ತೇನೆ.

ಬಂದೂಕು ರಿಪೇರಿಯ ಬೆಂಚಿನ ಮುಂದೆ ಮತ್ತು ಶೂಟಿಂಗ್ ರೇಂಜಿನಲ್ಲಿ ಕಲಿಸುತ್ತಾ ಬಹಳ ವರ್ಷ ಕಳೆದಿದ್ದೇನೆ. ಬ್ರೇಕ್ ವಿಷಯದಲ್ಲಿ ನಾನು ಎಲ್ಲರಿಗೂ ಮೊದಲು ಹೇಳುವುದು ಒಂದೇ: ಬ್ರೇಕ್ ಇರುವ ರೈಫಲ್ ಒಂದು, ಬ್ರೇಕ್ ಇಲ್ಲದ ರೈಫಲ್ ಇನ್ನೊಂದು. ಸ್ಟಾಕ್ (ಹೆಗಲಿಗೆ ಒತ್ತಿ ಹಿಡಿಯುವ ಭಾಗ) ಅದೇ, ಬ್ಯಾರಲ್ ಅದೇ, ನಿಮ್ಮ ಹೆಗಲೂ ಅದೇ. ಆದರೂ ಅವು ಎರಡು ರೈಫಲ್. ಹೀಗೆ ಅಂದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಬ್ರೇಕ್ ಮಾಡುವ ಕೆಲಸ

ರೈಫಲ್ ಹಿಂದಕ್ಕೆ ಒದೆಯಲು ಎರಡು ಕಾರಣಗಳಿವೆ. ಮುಂದಕ್ಕೆ ಹೋಗುವ ಗುಂಡು ಒಂದು. ಅದರ ಹಿಂದೆಯೇ ನುಗ್ಗುವ ಮದ್ದಿನ ಗ್ಯಾಸ್ ಇನ್ನೊಂದು. ಈ ಎರಡನೆಯದನ್ನು ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ನಿಮ್ಮ .308ರ ಲೆಕ್ಕವನ್ನೇ ನೋಡೋಣ. ಸಾಮಾನ್ಯ ಟಾರ್ಗೆಟ್ ಗುಂಡು 168 ಗ್ರೇನ್, ಅಂದರೆ ಸುಮಾರು 10.9 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 800 ಮೀಟರ್. ಮದ್ದು ಸುಮಾರು 2.8 ಗ್ರಾಂ. ತೂಕ ಕಡಿಮೆ ಅನಿಸುತ್ತದೆ, ಅಲ್ವಾ? ಆದರೆ ಬ್ಯಾರಲ್ ಬಾಯಿಯಿಂದ ಗ್ಯಾಸ್ ಹೊರಡುವ ವೇಗ ಗುಂಡಿಗಿಂತ ಜಾಸ್ತಿ, ಸೆಕೆಂಡಿಗೆ 1200 ಮೀಟರ್ ಆಸುಪಾಸು. ಗುಣಿಸಿ ನೋಡಿದರೆ ಒಟ್ಟು ತಳ್ಳುವಿಕೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಗ್ಯಾಸಿನದೇ. ಬ್ರೇಕ್ ಆ ಗ್ಯಾಸನ್ನು ನೇರ ಮುಂದೆ ಹೋಗಲು ಬಿಡದೆ ಪಕ್ಕಕ್ಕೆ, ಕೆಲವು ವಿನ್ಯಾಸಗಳಲ್ಲಿ ತುಸು ಹಿಂದಕ್ಕೆ ತಿರುಗಿಸುತ್ತದೆ. ಗ್ಯಾಸ್ ಬ್ರೇಕಿನ ಗೋಡೆಗೆ ಬಡಿದು ರೈಫಲನ್ನು ಮುಂದಕ್ಕೆ ಎಳೆಯುತ್ತದೆ.

5 ಕಿಲೋ ರೈಫಲ್‌ಗೆ ಬ್ರೇಕ್ ಇಲ್ಲದೆ ಒದೆತದ ಶಕ್ತಿ ಸುಮಾರು 14–15 ಜೂಲ್ ಬರುತ್ತದೆ. ಗ್ಯಾಸಿನ ಪಾಲು ಪೂರ್ತಿ ಕಳೆದರೆ 7–8 ಜೂಲ್. ನೀವು "ಅರ್ಧಕ್ಕರ್ಧ" ಎಂದು ಬರೆದಿರುವುದು ಲೆಕ್ಕಕ್ಕೂ ಹೊಂದುತ್ತದೆ. ನಿಮ್ಮ ಹೆಗಲು ಸರಿಯಾಗಿಯೇ ಅಳೆದಿದೆ.

ಇದೇ ಲೆಕ್ಕದಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಮದ್ದು ಜಾಸ್ತಿ ಇರುವ ದೊಡ್ಡ ಕಾರ್ಟ್ರಿಡ್ಜ್‌ಗಳಲ್ಲಿ ಬ್ರೇಕಿನಿಂದ ಹೆಚ್ಚು ಲಾಭ. .22 ಲಾಂಗ್ ರೈಫಲ್‌ನಲ್ಲಿ ಒದೆತವೇ ಇಲ್ಲದಷ್ಟು ಕಡಿಮೆ, ಮದ್ದು ಚಿಟಿಕೆಯಷ್ಟು. ಅದಕ್ಕೆ ಬ್ರೇಕ್ ಹಾಕಿದರೆ ತೂಕ ಸೇರುತ್ತದೆ, ಬೇರೇನೂ ಆಗುವುದಿಲ್ಲ.

ಈಗ ಮುಖ್ಯ ಸಂಗತಿ. ಗುಂಡು ಬ್ಯಾರಲ್ ಬಿಟ್ಟ ಮೇಲೆಯೇ ಬ್ರೇಕ್ ಕೆಲಸ ಶುರು ಮಾಡುವುದು. ಗುಂಡು ನಿಮ್ಮ ಬ್ಯಾರಲಿನಲ್ಲಿ ಇರುವುದು ಒಂದರಿಂದ ಒಂದೂವರೆ ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ರೈಫಲ್ ಹಿಂದಕ್ಕೆ ಸರಿದಿರುವುದು ಹೆಚ್ಚೆಂದರೆ ಒಂದೂವರೆ ಮಿಲಿಮೀಟರ್. ಹೆಗಲಿಗೆ ಪೆಟ್ಟು ಬೀಳುವುದೆಲ್ಲ ಆಮೇಲೆ. ಆದ್ದರಿಂದ ಗ್ಯಾಸ್ ತಿರುಗಿಸುವ ಈ ಕೆಲಸ ಆಗಲೇ ಹೊರಟುಹೋದ ಗುಂಡಿನ ದಾರಿಯನ್ನು ತಿದ್ದಲಾರದು.

ನೀವು ಕೇಳಿದ ಎರಡು ಮಾತುಗಳು

"ಬ್ರೇಕ್ ಹಾಕಿದರೆ ಗುಂಡಿನ ವೇಗ ಕಡಿಮೆ" ಎನ್ನುವುದು ಸುಳ್ಳು. ಗುಂಡು ಹಾಯುವ, ಬ್ರೇಕಿನ ನಡುವಿನ ರಂಧ್ರ ಗುಂಡಿಗಿಂತ ಅಗಲ. ಗುಂಡು ಅದನ್ನು ಮುಟ್ಟುವುದಿಲ್ಲ, ಮುಟ್ಟಲೂಬಾರದು. ಬ್ಯಾರಲ್ ಬಿಡುವ ಹೊತ್ತಿಗೆ ಅದಕ್ಕೆ ಸಿಗಬೇಕಾದ ವೇಗ ಸಿಕ್ಕಾಗಿರುತ್ತದೆ.

"ಬ್ರೇಕ್ ಹಾಕಿದರೆ ಗುರಿ ಸುಧಾರಿಸುತ್ತದೆ" ಎನ್ನುವುದು ಅರ್ಧ ನಿಜ. ಸುಧಾರಿಸುವುದು ಹೊಡೆಯುವವರು. ಪೆಟ್ಟಿನ ಹೆದರಿಕೆ ಹೋದರೆ ಕಣ್ಣು ತೆರೆದೇ ಇರುತ್ತದೆ, ಟ್ರಿಗರ್ ಮೇಲಿನ ಬೆರಳು ಜರ್ಕ್ ಹೊಡೆಯುವುದಿಲ್ಲ. ಸ್ಕೋಪಿನಲ್ಲಿ ಗುರಿ ಕಣ್ಣು ತಪ್ಪಿ ಹೋಗುವುದಿಲ್ಲ. ನಿಮ್ಮ ಕೊನೆಯ ಇಪ್ಪತ್ತು ಗುಂಡು ಈಗ ಚೆನ್ನಾಗಿ ಬೀಳುತ್ತಿದ್ದರೆ ಅದಕ್ಕೆ ಇದೇ ಕಾರಣ. ಕೆಲವೊಮ್ಮೆ ಬ್ರೇಕಿನ ತೂಕ ಬ್ಯಾರಲಿನ ಕಂಪನಕ್ಕೆ ಹೊಂದಿಕೊಂಡು ಗ್ರೂಪ್ (ಗುರಿಯ ಮೇಲೆ ಗುಂಡುಗಳು ಬಿದ್ದ ಹರವು) ನಿಜವಾಗಿಯೂ ಚಿಕ್ಕದಾಗುತ್ತದೆ. ಅಷ್ಟೇ ಸಲ ಹೊಂದದೆ ದೊಡ್ಡದೂ ಆಗುತ್ತದೆ. ಹಾಕಿ ನೋಡದೆ ಹೇಳಲು ಬರುವುದಿಲ್ಲ.

4 ಸೆಂ.ಮೀ. ಎಲ್ಲಿಂದ ಬಂತು?

ಬ್ಯಾರಲ್ ಗಟ್ಟಿ ಉಕ್ಕು, ನಿಜ. ಆದರೆ ಗುಂಡು ಒಳಗೆ ಓಡುವಾಗ ಅದು ಬೀಸಿದ ಬೆತ್ತದಂತೆ ನಡುಗುತ್ತದೆ. ಬ್ಯಾರಲ್ ಬಾಯಿ ಮೇಲೆ, ಕೆಳಗೆ, ಪಕ್ಕಕ್ಕೆ ಕಣ್ಣಿಗೆ ಕಾಣದಷ್ಟು ಆಡುತ್ತದೆ. ಗುಂಡು ಹೊರಡುವ ಕ್ಷಣದಲ್ಲಿ ಬಾಯಿ ಯಾವ ಕಡೆ ನೋಡುತ್ತಿತ್ತೋ ಗುಂಡು ಆ ಕಡೆಗೆ. ಬೆತ್ತದ ತುದಿಗೆ ಒಂದು ಕಲ್ಲು ಕಟ್ಟಿದರೆ ಅದು ಬೀಸುವ ರೀತಿಯೇ ಬದಲಾಗುತ್ತದೆ. ಬ್ರೇಕ್ ಅಂಥದ್ದೇ ಕಲ್ಲು. ನೂರು ಗ್ರಾಂ ಆಸುಪಾಸಿನ ತೂಕ, ಅದೂ ಸರಿಯಾಗಿ ತುದಿಯಲ್ಲಿ.

100 ಮೀಟರ್‌ಗೆ 4 ಸೆಂ.ಮೀ. ಎಂದರೆ ಕೋನದಲ್ಲಿ 0.4 ಮಿಲಿರೇಡಿಯನ್. 60 ಸೆಂ.ಮೀ. ಬ್ಯಾರಲಿನ ತುದಿಯಲ್ಲಿ ಅದು ಕಾಲು ಮಿಲಿಮೀಟರಿಗಿಂತ ಕಡಿಮೆ. ಅಷ್ಟು ಸಣ್ಣ ವ್ಯತ್ಯಾಸ ಸಾಕು. ಹಾಗಾಗಿ ಬಿಚ್ಚಿದಾಗ ಗುಂಡು ಜಾಗ ಬದಲಿಸಿದರೆ ಹೆದರಬೇಡಿ. ಯಾವ ದಿಕ್ಕಿಗೆ, ಎಷ್ಟು ಎನ್ನುವುದು ಪ್ರತಿ ರೈಫಲ್‌ಗೂ ಬೇರೆ. ಕೆಲವು ದಪ್ಪ ಬ್ಯಾರಲ್‌ಗಳಲ್ಲಿ ಏನೂ ಸರಿಯುವುದಿಲ್ಲ, ಕೆಲವದರಲ್ಲಿ ನಿಮ್ಮದಕ್ಕಿಂತ ಜಾಸ್ತಿ.

ಆದರೆ ಅಳೆಯದೆ ಬಿಡುವಂತಿಲ್ಲ. 300 ಮೀಟರ್‌ಗೆ ಹೋದರೆ ಆ 4 ಸೆಂ.ಮೀ. 12 ಆಗುತ್ತದೆ. ಅಂತರರಾಷ್ಟ್ರೀಯ 300 ಮೀಟರ್ ಗುರಿಯ ಹತ್ತರ ವೃತ್ತದ ಅಗಲ 10 ಸೆಂ.ಮೀ. ನಡು ಮಧ್ಯಕ್ಕೆ ಬೀಳಬೇಕಾದ ಗುಂಡು ಎಂಟಕ್ಕೆ ಹೋಗಿ ಕೂರುತ್ತದೆ. ಹೊಡೆದವರ ತಪ್ಪು ಏನೂ ಇಲ್ಲದೆ.

1990ರ ದಶಕದಲ್ಲಿ ಬ್ರೌನಿಂಗ್ ಕಂಪನಿ ತನ್ನ ರೈಫಲ್‌ಗಳಿಗೆ ಬಾಸ್ ಎಂಬ ವ್ಯವಸ್ಥೆ ತಂದಿತು. ಬ್ಯಾರಲ್ ಬಾಯಿಯಲ್ಲಿ ಬ್ರೇಕ್, ಅದರಲ್ಲಿಯೇ ತಿರುಗಿಸಿ ಹಿಂದೆ ಮುಂದೆ ಮಾಡಬಹುದಾದ ತೂಕ. ಕಂಪನವನ್ನು ಹೊಂದಿಸುವುದಕ್ಕೆ. ಸದ್ದು ಜಾಸ್ತಿ ಎಂದು ದೂರು ಬಂದ ಮೇಲೆ ಗ್ಯಾಸಿನ ರಂಧ್ರಗಳೇ ಇಲ್ಲದ, ತೂಕ ಮಾತ್ರ ಉಳಿಸಿಕೊಂಡ ಇನ್ನೊಂದು ಮಾದರಿಯೂ ಬಂತು. ತುದಿಯ ತೂಕವೇ ಬೇರೆ, ಗ್ಯಾಸ್ ತಿರುಗಿಸುವುದೇ ಬೇರೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನಿಮಗೂ ಇದರಿಂದ ಒಂದು ದಾರಿ ಇದೆ, ಕೊನೆಗೆ ಹೇಳುತ್ತೇನೆ.

ಆ ಒಂದೂವರೆ ಸೆಂ.ಮೀ. ತಪ್ಪು

ಮೊದಲು ಒಂದು ಅನುಮಾನ. ಮೂರು ಗುಂಡಿನ ಗ್ರೂಪ್ ನೋಡಿ ಒಂದೂವರೆ ಸೆಂ.ಮೀ. ಸರಿದಿದೆ ಎಂದು ತೀರ್ಮಾನಿಸಲು ಆಗುವುದಿಲ್ಲ. ನಿಮ್ಮ ರೈಫಲ್ ಮೂರು ಗುಂಡಿಗೆ 2.5 ಸೆಂ.ಮೀ. ಗ್ರೂಪ್ ಹೊಡೆಯುತ್ತದೆ ಎಂದಿಟ್ಟುಕೊಳ್ಳಿ. ಏನನ್ನೂ ಮುಟ್ಟದೆ ಇನ್ನೊಂದು ಮೂರು ಗುಂಡು ಹೊಡೆದರೂ ಎರಡು ಗ್ರೂಪ್‌ಗಳ ನಡುಬಿಂದು ಅಷ್ಟು ಆಚೀಚೆ ಆಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಹತ್ತು ಗುಂಡು ಹೊಡೆದು ನಡುಬಿಂದು ತೆಗೆಯಿರಿ. ಬಿಚ್ಚಿ, ಹಾಕಿ, ಇನ್ನೊಂದು ಹತ್ತು. ಆಗಲೂ ಸರಿದಿದ್ದರೆ ಅದು ನಿಜವಾದ ತಪ್ಪು.

ನನ್ನ ಊಹೆ, ನಿಮ್ಮಲ್ಲಿ ತಪ್ಪು ಇದ್ದೇ ಇದೆ. ಕಾರಣವನ್ನು ನೀವೇ ಬರೆದಿದ್ದೀರಿ: ಕ್ರಶ್ ವಾಷರ್, ಕೈ ಅಂದಾಜು.

ಬ್ರೇಕ್ ನೆಟ್ಟಗೆ ಕೂರುವುದು ಥ್ರೆಡ್‌ನಿಂದ ಎಂದು ಬಹಳ ಜನ ತಿಳಿದಿದ್ದಾರೆ. ಥ್ರೆಡ್ ಎಳೆದು ಹಿಡಿಯುತ್ತದೆ ಅಷ್ಟೆ. ನೆಟ್ಟಗೆ ಕೂರಿಸುವುದು ಥ್ರೆಡ್ ಮುಗಿಯುವ ಕಡೆ ಇರುವ ಮೆಟ್ಟಿಲು, ಲೇತ್ ಕೆಲಸದವರು ಶೋಲ್ಡರ್ ಎನ್ನುವ ಭಾಗ. ಆ ಮೆಟ್ಟಿಲಿನ ಮುಖ ಬ್ಯಾರಲಿನ ರಂಧ್ರಕ್ಕೆ ಸರಿಯಾಗಿ ಲಂಬವಾಗಿರಬೇಕು. ಬ್ರೇಕಿನ ಹಿಂಬದಿಯೂ ಹಾಗೆಯೇ ಇರಬೇಕು. ಎರಡು ಚಪ್ಪಟೆ ಮುಖಗಳು ಸುತ್ತಲೂ ಒಂದೇ ಸಮ ಒತ್ತಿ ಕೂತರೆ ನೂರು ಸಲ ಬಿಚ್ಚಿ ಹಾಕಿದರೂ ಬ್ರೇಕ್ ಅದೇ ಜಾಗಕ್ಕೆ ಬರುತ್ತದೆ.

ಕ್ರಶ್ ವಾಷರ್ ಈ ಎರಡು ಮುಖಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಅದರ ಆಕಾರ ತಟ್ಟೆಯಂತೆ ಬಗ್ಗಿದ್ದು. ಒಂದೇ ಸಲ ಜಜ್ಜಿಹೋಗಿ, ಬ್ರೇಕಿನ ಗ್ಯಾಸ್ ರಂಧ್ರಗಳು ಬೇಕಾದ ಕಡೆ ತಿರುಗಿ ನಿಲ್ಲಲು ಜಾಗ ಕೊಡುವುದು ಅದರ ಕೆಲಸ. ಅದು ಎಲ್ಲ ಕಡೆ ಒಂದೇ ಸಮ ಜಜ್ಜಿಹೋಗುವುದಿಲ್ಲ. ಎರಡನೇ ಸಲ ಬಳಸಿದರೆ ಇನ್ನೂ ಸೊಟ್ಟ. ಪ್ರತಿ ಸಲ ಬಿಗಿಯೂ ಬೇರೆ. ಬೆತ್ತದ ತುದಿಗೆ ಅದೇ ಕಲ್ಲನ್ನೇ ಕಟ್ಟುತ್ತಿದ್ದೀರಿ, ಆದರೆ ಪ್ರತಿ ಸಲ ಗಂಟು ಬೇರೆ. ಟಾರ್ಗೆಟ್ ರೈಫಲ್‌ನಲ್ಲಿ, ಅದೂ ಪದೇ ಪದೇ ಬಿಚ್ಚುವ ಬ್ರೇಕಿಗೆ, ಕ್ರಶ್ ವಾಷರ್ ಬೇಡವೇ ಬೇಡ. ಇವತ್ತೇ ತೆಗೆದು ಎಸೆಯಿರಿ.

ಅದರ ಬದಲಿಗೆ ಮೂರು ದಾರಿ ಇವೆ. ಒಂದು, ಸುತ್ತಲೂ ರಂಧ್ರ ಇರುವ ಬ್ರೇಕ್. ಯಾವ ಕಡೆ ತಿರುಗಿ ನಿಂತರೂ ನಡೆಯುತ್ತದೆ, ಆದ್ದರಿಂದ ವಾಷರ್ ಇಲ್ಲದೆ ನೇರ ಮೆಟ್ಟಿಲಿಗೆ ಕೂರುತ್ತದೆ. ಇದರಷ್ಟು ನೆಚ್ಚಬಹುದಾದದ್ದು ಇಲ್ಲ. ತೊಂದರೆ ಎಂದರೆ ಮಲಗಿ ಹೊಡೆಯುವಾಗ ಕೆಳಗಿನ ರಂಧ್ರಗಳು ಧೂಳೆಬ್ಬಿಸಿ ಕಣ್ಣಿಗೆ ತುಂಬುತ್ತವೆ. ಎರಡು, ನಿಮ್ಮ ಈಗಿನ ಬ್ರೇಕಿಗೇ ಸರಿಯಾದ ದಪ್ಪಕ್ಕೆ ಗ್ರೈಂಡ್ ಮಾಡಿದ ಚಪ್ಪಟೆ ಶಿಮ್, ಅಂದರೆ ಜಜ್ಜಿಹೋಗದ ತೆಳು ಉಕ್ಕಿನ ಉಂಗುರ. ಒಮ್ಮೆ ಅಳತೆ ಸಿಕ್ಕರೆ ಅದೇ ಶಿಮ್ ಎಂದೆಂದಿಗೂ. ನಾನು ನಿಮಗೆ ಹೇಳುವುದು ಇದನ್ನೇ, ಖರ್ಚೂ ಕಡಿಮೆ. ಮೂರು, ಲಾಕ್ ನಟ್ ಇರುವ ಬ್ರೇಕ್. ಬೇಕಾದ ಕಡೆ ತಿರುಗಿಸಿ ಹಿಂದಿನಿಂದ ನಟ್ ಬಿಗಿಯುವುದು. ಅನುಕೂಲ ಹೌದು. ಆದರೆ ನಟ್ಟಿನ ಎರಡೂ ಮುಖ ಚೊಕ್ಕವಾಗಿ ಲಂಬ ಇದ್ದರೆ ಮಾತ್ರ. ಕಳಪೆ ನಟ್ ಕ್ರಶ್ ವಾಷರ್‌ಗಿಂತ ಒಳ್ಳೆಯದೇನಲ್ಲ.

ಬಿಗಿ ಮಾಡಲು ಟಾರ್ಕ್ ರೆಂಚ್, ಅಂದರೆ ತಿರುಗಿಸುವ ಬಲವನ್ನು ಅಳೆಯುವ ಸ್ಪ್ಯಾನರ್ ಬೇಕು. ತಯಾರಕರು ಸಾಮಾನ್ಯವಾಗಿ 20ರಿಂದ 40 ನ್ಯೂಟನ್ ಮೀಟರ್ ಒಳಗಿನ ಒಂದು ಅಂಕಿ ಕೊಟ್ಟಿರುತ್ತಾರೆ. ನಿಮ್ಮ ಬ್ರೇಕಿಗೆ ಕೊಟ್ಟದ್ದನ್ನೇ ಹಿಡಿಯಿರಿ, ಪ್ರತಿ ಸಲ ಅದನ್ನೇ. ಬ್ಯಾರಲನ್ನು ಬಾಯಿಯ ಹತ್ತಿರ ಮೆತ್ತೆ ಇರುವ ವೈಸ್‌ನಲ್ಲಿ ಹಿಡಿಯಬೇಕು. ಸ್ಟಾಕ್ ಹಿಡಿದು ಸ್ಪ್ಯಾನರ್ ತಿರುಗಿಸಿದರೆ ಆ ಬಲವೆಲ್ಲ ಬ್ಯಾರಲ್ ಮತ್ತು ಆಕ್ಷನ್ (ಬೋಲ್ಟ್ ಓಡುವ ಭಾಗ) ಸೇರುವ ಜಾಗದ ಮೇಲೆ, ಸ್ಟಾಕಿನಲ್ಲಿ ಅದು ಕೂರುವ ಬೆಡ್ಡಿಂಗ್ ಮೇಲೆ ಬೀಳುತ್ತದೆ. ಆಮೇಲೆ ಗುಂಡು ಯಾಕೆ ಅಲೆಯುತ್ತಿದೆ ಎಂದು ಬ್ರೇಕನ್ನು ಬೈದು ಉಪಯೋಗವಿಲ್ಲ.

ಹಾಕುವ ಮುನ್ನ ಮೆಟ್ಟಿಲು, ಥ್ರೆಡ್, ಬ್ರೇಕಿನ ಹಿಂಬದಿ ಮೂರನ್ನೂ ಒರೆಸಿ. ಮೆಟ್ಟಿಲಿನ ಒಂದು ಅಂಚಿಗೆ 0.02 ಮಿ.ಮೀ. ದಪ್ಪದ ಮಸಿ ಕೂತಿದೆ ಎನ್ನಿ. ಅಷ್ಟಕ್ಕೇ ಬ್ರೇಕ್ ವಾಲಿ, ಅದರ ಮುಂತುದಿ 0.06 ಮಿ.ಮೀ. ಪಕ್ಕಕ್ಕೆ ಹೋಗುತ್ತದೆ. ಗುಂಡು ತಗಲುವಷ್ಟು ಅಲ್ಲ. ಆದರೆ ಒತ್ತಡ ಒಂದೇ ಕಡೆ ಬಿದ್ದು ಝೀರೋ (ಸ್ಕೋಪಿನ ಗುರಿಗೂ ಗುಂಡು ಬೀಳುವ ಜಾಗಕ್ಕೂ ಇರುವ ಹೊಂದಾಣಿಕೆ) ಅಲೆಯಲು ಸಾಕು. ಥ್ರೆಡ್‌ಗೆ ಶಾಖ ತಡೆಯುವ ಆಂಟಿ-ಸೀಝ್ ಪೇಸ್ಟ್ ಒಂದು ತೆಳು ಲೇಪ ಸಾಕು. ಥ್ರೆಡ್ ಲಾಕರ್ ಅಂಟು ಹಾಕಬೇಡಿ. ಅದು ಖಾಯಂ ಕೂರಿಸುವವರಿಗೆ. ಬಿಗಿಯಾದ ಮೇಲೆ ಬ್ರೇಕಿನಿಂದ ಬ್ಯಾರಲ್‌ವರೆಗೆ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಹೊಡೆಯುತ್ತಾ ಸಡಿಲವಾದರೆ ಗೆರೆ ಕದಲಿರುತ್ತದೆ, ಕಣ್ಣಿಗೆ ಕೂಡಲೇ ಗೊತ್ತಾಗುತ್ತದೆ.

ಥ್ರೆಡ್ ಮಾಡಿಸಿದ್ದು ತಪ್ಪೇ?

ದಪ್ಪ ಬ್ಯಾರಲ್ ಎಂದಿದ್ದೀರಿ. .308ಕ್ಕೆ ಸಾಮಾನ್ಯವಾಗಿ ಮಾಡುವುದು 5/8 ಇಂಚಿನ, ಇಂಚಿಗೆ 24 ಸುತ್ತಿನ ಥ್ರೆಡ್. ವ್ಯಾಸ ಸುಮಾರು 15.9 ಮಿ.ಮೀ. ಮಧ್ಯದ ರಂಧ್ರ, ಥ್ರೆಡ್‌ನ ಆಳ ಎಲ್ಲ ಕಳೆದರೂ ಮೂರು ಮಿಲಿಮೀಟರ್‌ಗಿಂತ ಜಾಸ್ತಿ ಉಕ್ಕು ಉಳಿಯುತ್ತದೆ. ಬಾಯಿಯ ಹತ್ತಿರ ಗ್ಯಾಸಿನ ಒತ್ತಡ ಚೇಂಬರಿನಲ್ಲಿ (ಬ್ಯಾರಲ್ ಹಿಂತುದಿಯಲ್ಲಿ ಕಾರ್ಟ್ರಿಡ್ಜ್ ಕೂರುವ ಜಾಗ) ಇದ್ದದ್ದರ ಸಣ್ಣ ಪಾಲು ಮಾತ್ರ. ಬಲದ ವಿಷಯದಲ್ಲಿ ಚಿಂತೆ ಬೇಡ. ಮೆಟ್ಟಿಲಿಗೆ ಸಾಕಷ್ಟು ಅಗಲ ಸಿಗಲು ಬ್ಯಾರಲ್ ಬಾಯಿಯ ಹೊರವ್ಯಾಸ 19 ಮಿ.ಮೀ. ಆಸುಪಾಸು ಇದ್ದರೆ ಒಳ್ಳೆಯದು. ಅದನ್ನು ಒಮ್ಮೆ ಅಳೆಯಿರಿ.

ನಾನು ಹೆದರುವುದು ಬೇರೆ ವಿಷಯಕ್ಕೆ. ಬ್ಯಾರಲಿನ ರಂಧ್ರ ಅದರ ಹೊರಮೈಗೆ ಸರಿಯಾಗಿ ನಡುವೆ ಇರುತ್ತದೆ ಎಂಬ ಖಾತ್ರಿ ಇಲ್ಲ. ಥ್ರೆಡ್ ಮಾಡುವವರು ಲೇತ್‌ನಲ್ಲಿ ಒಳಗಿನ ರಂಧ್ರವನ್ನೇ ಕೇಂದ್ರಕ್ಕೆ ತಂದು ಕತ್ತರಿಸಬೇಕು. ಹೊರಮೈ ಹಿಡಿದು ಕತ್ತರಿಸಿದರೆ, ಅಥವಾ ಕೈಯಲ್ಲಿ ಡೈ ತಿರುಗಿಸಿ ಮಾಡಿದರೆ ಥ್ರೆಡ್ ಸೊಟ್ಟ ಬರುತ್ತದೆ. ಒಮ್ಮೆ ನನ್ನ ಬೆಂಚಿಗೆ ಬಂದ ಒಂದು ಬ್ರೇಕಿನ ಒಳಗೋಡೆಯ ಮೇಲೆ ತಾಮ್ರದ ಗೆರೆ ಹೊಳೆಯುತ್ತಿತ್ತು. ಪ್ರತಿ ಗುಂಡೂ ಗೋಡೆ ಸವರಿಕೊಂಡು ಹೋಗುತ್ತಿತ್ತು. ಮಾಲೀಕರು ತಿಂಗಳುಗಟ್ಟಲೆ ಸ್ಕೋಪ್ ಸರಿ ಇಲ್ಲ ಎಂದುಕೊಂಡಿದ್ದರು. ಇನ್ನು ಸ್ವಲ್ಪ ಜಾಸ್ತಿ ಸೊಟ್ಟ ಇದ್ದಿದ್ದರೆ ಬ್ರೇಕ್ ಸಿಡಿದು ಹೋಗುತ್ತಿತ್ತು.

ಆದ್ದರಿಂದ ಇದನ್ನು ಮಾಡಿ. ಮ್ಯಾಗಝಿನ್ ತೆಗೆದು, ಚೇಂಬರ್ ಖಾಲಿ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿ, ಬೋಲ್ಟ್ ಪೂರ್ತಿ ಹೊರಗೆ ತೆಗೆದಿಡಿ. ಬ್ರೇಕ್ ಹಾಕುವ, ಬಿಚ್ಚುವ ಯಾವ ಕೆಲಸಕ್ಕೂ ಇದೇ ಮೊದಲ ಹೆಜ್ಜೆ, ಪ್ರತಿ ಸಲ. ಹಿಂದಿನಿಂದ ಬ್ಯಾರಲ್ ಒಳಗೆ ನೋಡಿ. ಬ್ರೇಕಿನ ರಂಧ್ರ ಬ್ಯಾರಲ್ ರಂಧ್ರದ ಸುತ್ತ ಒಂದೇ ಸಮನಾದ ಉಂಗುರದಂತೆ ಕಾಣಬೇಕು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಕಂಡರೆ ಹೊಡೆಯಬೇಡಿ. ಅಲೈನ್‌ಮೆಂಟ್ ರಾಡ್ ಇಟ್ಟುಕೊಂಡಿರುವ ಗನ್‌ಸ್ಮಿತ್ ಹತ್ತಿರ ಒಯ್ಯಿರಿ. ನಿಮ್ಮ ಗುಂಡಿನ ವ್ಯಾಸ 7.82 ಮಿ.ಮೀ. ಬ್ರೇಕಿನ ರಂಧ್ರ ಅದಕ್ಕಿಂತ ಸುಮಾರು ಅರ್ಧ ಮಿಲಿಮೀಟರ್ ಅಗಲ ಇರುವುದು ವಾಡಿಕೆ.

ಇನ್ನೊಂದು ಅಪಾಯ ಹೇಳಲೇಬೇಕು. 6 ಮಿ.ಮೀ., 6.5 ಮಿ.ಮೀ. ಮತ್ತು .308 ಬ್ರೇಕ್‌ಗಳು ಅದೇ 5/8 ಇಂಚಿನ ಥ್ರೆಡ್‌ನಲ್ಲಿ ಬರುತ್ತವೆ. ಗೆಳೆಯರ 6.5 ಮಿ.ಮೀ. ಬ್ರೇಕ್ ನಿಮ್ಮ ರೈಫಲ್‌ಗೆ ಸುಲಭವಾಗಿ ಕೂರುತ್ತದೆ. ಅದರ ರಂಧ್ರ ಸುಮಾರು 7.2 ಮಿ.ಮೀ., ನಿಮ್ಮ ಗುಂಡಿಗಿಂತ ಚಿಕ್ಕದು. ಮುಂದೇನಾಗುತ್ತದೆ ಎಂದು ಬರೆಯಬೇಕಾಗಿಲ್ಲ. ಬ್ರೇಕಿನ ಮೇಲೆ ಕೊರೆದಿರುವ ಕ್ಯಾಲಿಬರ್ ಓದದೆ ಯಾರದ್ದನ್ನೂ ಹಾಕಿ ನೋಡಬೇಡಿ.

ಪಕ್ಕದ ಲೇನ್‌ನವರು ಎದ್ದು ಹೋದದ್ದು

ಅವರು ಎದ್ದು ಹೋದದ್ದು ಸರಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

.308 ರೈಫಲಿನ ಸದ್ದು ಹೊಡೆಯುವವರ ಕಿವಿಯ ಹತ್ತಿರ ಸುಮಾರು 160 ಡೆಸಿಬೆಲ್ ಆಸುಪಾಸು. 140 ಡೆಸಿಬೆಲ್ ದಾಟಿದ ಒಂದೇ ಒಂದು ಹೊಡೆತವೂ ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಬ್ರೇಕ್ ಹಾಕಿದರೆ ಇದರ ಮೇಲೆ ಇನ್ನೂ 5ರಿಂದ 10 ಡೆಸಿಬೆಲ್ ಸೇರುತ್ತದೆ. ಸಣ್ಣ ಅಂಕಿ ಅನಿಸಬಹುದು. ಡೆಸಿಬೆಲ್ ಲೆಕ್ಕದಲ್ಲಿ 5 ಜಾಸ್ತಿ ಎಂದರೆ ಸದ್ದಿನ ಶಕ್ತಿ ಮೂರು ಪಟ್ಟು, 10 ಜಾಸ್ತಿ ಎಂದರೆ ಹತ್ತು ಪಟ್ಟು. ಮೊದಲು ಮುಂದಕ್ಕೆ ಹೋಗುತ್ತಿದ್ದ ಗ್ಯಾಸನ್ನು ಪಕ್ಕಕ್ಕೆ ತಿರುಗಿಸಿದ್ದೀರಿ. ಪಕ್ಕದಲ್ಲಿ ಇರುವುದು ಒಬ್ಬ ಮನುಷ್ಯ. ರಂಧ್ರಗಳು ಹಿಂದಕ್ಕೆ ಬಾಗಿದಷ್ಟೂ ಒದೆತ ಕಡಿಮೆ, ನಿಮ್ಮ ಮುಖದ ಮೇಲೂ ಪಕ್ಕದವರ ಮೇಲೂ ಬಡಿತ ಜಾಸ್ತಿ. ಎರಡೂ ಒಟ್ಟಿಗೇ ಬರುತ್ತವೆ.

ಇಯರ್ ಪ್ಲಗ್ ಮತ್ತು ಇಯರ್ ಮಫ್ ಎರಡನ್ನೂ ಒಟ್ಟಿಗೆ ಹಾಕಿ. ಎರಡರ ಅಂಕಿಗಳನ್ನು ಕೂಡಿಸಬೇಡಿ. 25 ಡೆಸಿಬೆಲ್ ಇಳಿಸುವ ಪ್ಲಗ್, 30 ಇಳಿಸುವ ಮಫ್ ಸೇರಿದರೆ 55 ಆಗುವುದಿಲ್ಲ, ಸುಮಾರು 35 ಆಗುತ್ತದೆ. ಆ 5 ಡೆಸಿಬೆಲ್ ಬಹಳ ಬೆಲೆಯುಳ್ಳದ್ದು. 167 ಡೆಸಿಬೆಲ್ ಬಡಿತಕ್ಕೆ ಬರೀ ಮಫ್ ಹಾಕಿದರೆ ಕಿವಿಗೆ ಸೇರುವುದು 137, ಅದೂ ಮಫ್ ಎಲ್ಲೂ ಸಂದಿಲ್ಲದೆ ಕೂತಿದ್ದರೆ. ಕನ್ನಡಕದ ಕಡ್ಡಿಯಿಂದ ಸಣ್ಣ ಸಂದು ಬಿದ್ದರೂ ಗಡಿ ದಾಟಿತು.

ನನ್ನ ಎಡಗಿವಿಯಲ್ಲಿ ಸಣ್ಣ ಸಿಳ್ಳೆಯಂಥ ಸದ್ದು ಬಹಳ ವರ್ಷಗಳಿಂದ ಇದೆ. ನಿದ್ದೆ ಹತ್ತುವ ಹೊತ್ತಿಗೆ ಜೋರಾಗುತ್ತದೆ. ತರಬೇತಿ ಕೊಡುವಾಗ ಬ್ರೇಕ್ ಹಾಕಿದವರ ಬಲಪಕ್ಕದಲ್ಲಿ ಬರೀ ಪ್ಲಗ್ ಹಾಕಿ ನಿಂತ ದಿನಗಳ ಫಲ ಅದು. ಕಿವಿಯ ಒಳಗಿನ ಸೂಕ್ಷ್ಮ ಕೂದಲು ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ.

ನಿಮ್ಮ ರೇಂಜಿನಲ್ಲಿ ಕೊನೆಯ ಲೇನ್ ಕೇಳಿ ಪಡೆಯಿರಿ. ಹೊಡೆಯುವ ಮೊದಲು ಪಕ್ಕದವರಿಗೆ ಬ್ರೇಕ್ ಇದೆ ಎಂದು ಹೇಳಿ, ಎರಡು ರಕ್ಷಣೆ ಹಾಕಿಕೊಳ್ಳಲು ಸಮಯ ಕೊಡಿ. ಸೂರು ಮತ್ತು ಗೋಡೆ ಇರುವ ರೇಂಜಿನಲ್ಲಿ ಸದ್ದು ತಿರುಗಿ ಬಡಿಯುತ್ತದೆ, ಅಲ್ಲಿ ಬ್ರೇಕ್ ಹಾಕದಿದ್ದರೆ ಒಳ್ಳೆಯದು. ಉರಿಯದ ಮದ್ದಿನ ಕಣಗಳೂ ಪಕ್ಕಕ್ಕೆ ಹಾರುತ್ತವೆ. ಕಣ್ಣಿಗೆ ಕನ್ನಡಕ ನಿಮಗೂ ಬೇಕು, ಅವರಿಗೂ ಬೇಕು.

ಹೆಗಲಿನ ಪೆಟ್ಟು ಇಳಿದರೂ ಕಣ್ಣು ಮುಚ್ಚುವ ಅಭ್ಯಾಸ ಬಿಡದವರನ್ನು ನೋಡಿದ್ದೇನೆ. ಅವರು ಹೆದರುತ್ತಿದ್ದದ್ದು ಒದೆತಕ್ಕಲ್ಲ, ಸದ್ದಿಗೆ. ಕಿವಿಗೆ ಎರಡನೇ ರಕ್ಷಣೆ ಹಾಕಿಸಿದ ದಿನವೇ ಅವರ ಗ್ರೂಪ್ ಚಿಕ್ಕದಾಯಿತು.

ಈಗ ಏನು ಮಾಡಬಹುದು

ಬ್ರೇಕ್ ಪೂರ್ತಿ ಬಿಟ್ಟುಬಿಡುವುದು ಒಂದು ದಾರಿ. ನಿಯಮದ ದೃಷ್ಟಿಯಿಂದ ಇದು ಸಲೀಸು. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ರೈಫಲ್ ಸ್ಪರ್ಧೆಗಳಲ್ಲಿ ಮಝಲ್ ಬ್ರೇಕ್ ಮತ್ತು ಕಾಂಪೆನ್ಸೇಟರ್ (ಬಾಯಿ ಮೇಲೇಳದಂತೆ ಗ್ಯಾಸನ್ನು ಮೇಲಕ್ಕೆ ಬಿಡುವ ತುಂಡು) ನಿಷಿದ್ಧ. ಎಫ್-ಕ್ಲಾಸ್‌ನಲ್ಲೂ (ರೈಫಲನ್ನು ಆಸರೆಯ ಮೇಲಿಟ್ಟು ದೂರದ ಗುರಿಗೆ ಹೊಡೆಯುವ ಸ್ಪರ್ಧೆ) ಬ್ರೇಕ್ ಹಾಕುವಂತಿಲ್ಲ. ಒದೆತವನ್ನು ತೂಕದಿಂದ ಇಳಿಸಬಹುದು. ನಿಮ್ಮ 5 ಕಿಲೋ ರೈಫಲ್‌ಗೆ ಸ್ಟಾಕಿನಲ್ಲಿ ಇನ್ನೊಂದು ಕಿಲೋ ಸೇರಿಸಿದರೆ ಒದೆತದ ಶಕ್ತಿ ಆರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಬ್ರೇಕಿನಷ್ಟು ಅಲ್ಲ, ಆದರೆ ಹೆಗಲಿಗೆ ಗೊತ್ತಾಗುತ್ತದೆ. ನಿಮ್ಮ ಸ್ಪರ್ಧೆಯ ತೂಕದ ಮಿತಿ ನೋಡಿಕೊಂಡು ಸೇರಿಸಿ. ಎಫ್-ಕ್ಲಾಸ್‌ನ ಎಫ್‌ಟಿಆರ್ ವಿಭಾಗದಲ್ಲಿ ಮಿತಿ 8.25 ಕಿಲೋ, ನಿಮಗೆ ಬೇಕಾದಷ್ಟು ಜಾಗ ಇದೆ. ಮೆತ್ತನೆಯ ಬಟ್ ಪ್ಯಾಡ್, ನಿಮ್ಮ ತೋಳಿಗೆ ಹೊಂದುವ ಸ್ಟಾಕಿನ ಉದ್ದ ಇವೆರಡೂ ಸೇರಲಿ. ನೋವು ಪ್ರತಿ ಸಲ ಹೆಗಲಿನ ಒಂದೇ ಬಿಂದುವಿನಲ್ಲಿ ಬರುತ್ತಿದ್ದರೆ ಸ್ಟಾಕ್ ಮೂಳೆಯ ಮೇಲೆ ಕೂತಿದೆ ಎಂದರ್ಥ. ಅದಕ್ಕೆ ಬ್ರೇಕ್ ಮದ್ದಲ್ಲ.

ಬ್ರೇಕ್ ಖಾಯಂ ಇಟ್ಟುಕೊಂಡು, ಅದಕ್ಕೆ ಅವಕಾಶ ಇರುವ ಸ್ಪರ್ಧೆಗೆ ಹೋಗುವುದು ಇನ್ನೊಂದು. ಪಿಆರ್‌ಎಸ್ (ಬೇರೆ ಬೇರೆ ದೂರದ ಗುರಿಗಳಿಗೆ ಸಮಯದ ಮಿತಿಯಲ್ಲಿ ಹೊಡೆಯುವ) ರೀತಿಯ ಸ್ಪರ್ಧೆಗಳಲ್ಲಿ ಬಹುಪಾಲು ಎಲ್ಲರ ರೈಫಲಿನಲ್ಲೂ ಬ್ರೇಕ್ ಇರುತ್ತದೆ. ತಮ್ಮ ಗುಂಡು ಎಲ್ಲಿ ಬಿತ್ತು ಎಂದು ಸ್ಕೋಪಿನಲ್ಲೇ ನೋಡಿ ಮುಂದಿನದನ್ನು ತಿದ್ದುವುದು ಅಲ್ಲಿ ಮುಖ್ಯ. ನೀವು ಮನಸ್ಸು ಮಾಡಿರುವುದು ಅದಕ್ಕಲ್ಲ, ಹಾಗಾಗಿ ಮುಂದುವರಿಸುವುದಿಲ್ಲ. ಸಪ್ರೆಸರ್ (ಸದ್ದು ತಗ್ಗಿಸುವ ಕೊಳವೆ) ಕಾನೂನಿಗೆ ಸರಿ ಇರುವ ಕಡೆ ಅದು ಸದ್ದು, ಒದೆತ ಎರಡನ್ನೂ ಇಳಿಸುತ್ತದೆ. ನಿಮ್ಮ ಸ್ಪರ್ಧೆಗೆ ಅದು ಆಗುತ್ತದೆಯೇ ಎಂದು ನಿಯಮ ನೋಡಬೇಕು.

ನಿಮಗೆ ಹೊಂದುವುದು ಮೂರನೆಯದು, ಎರಡು ರೈಫಲ್ ಎಂದುಕೊಂಡು ಬದುಕುವುದು. ಶಿಮ್ ಹಾಕಿಸಿ, ಟಾರ್ಕ್ ರೆಂಚ್ ಕೊಳ್ಳಿ. ಬ್ರೇಕ್ ಇರುವಾಗಿನ ಝೀರೋ, ಇಲ್ಲದಿರುವಾಗಿನ ಝೀರೋ ಎರಡನ್ನೂ ಹತ್ತು ಗುಂಡಿನ ಗ್ರೂಪ್‌ನಿಂದ ತೆಗೆದು ಪುಸ್ತಕದಲ್ಲಿ ಬರೆಯಿರಿ. ಒಂದು ಕ್ಲಿಕ್ಕಿಗೆ 0.1 ಮಿಲಿರೇಡಿಯನ್ ಸರಿಯುವ ಸ್ಕೋಪ್ ಇದ್ದರೆ ನಿಮ್ಮ 4 ಸೆಂ.ಮೀ. ನಾಲ್ಕು ಕ್ಲಿಕ್, ಯಾವ ದೂರಕ್ಕೂ ಅದೇ ನಾಲ್ಕು. ಬಿಚ್ಚಿದಾಗ ಥ್ರೆಡ್ ಬರಿದಾಗಿ ಬಿಡಬೇಡಿ. ಒಂದು ಸಲ ರೈಫಲ್ ಬಿದ್ದು ಥ್ರೆಡ್ ಅಥವಾ ಬಾಯಿಯ ಅಂಚು ಜಜ್ಜಿದರೆ ಎಲ್ಲ ಕೆಲಸವೂ ವ್ಯರ್ಥ. ಥ್ರೆಡ್ ಪ್ರೊಟೆಕ್ಟರ್ ಕ್ಯಾಪ್ ಹಾಕಿ, ಅದನ್ನೂ ಬಿಗಿಯಾಗಿ. ಸಡಿಲ ಕ್ಯಾಪ್ ಕೂಡ ಗ್ರೂಪ್ ಹಾಳು ಮಾಡುತ್ತದೆ.

ಆಗ ಹೇಳುತ್ತೇನೆ ಎಂದ ದಾರಿ ಇದು. ಬ್ರೇಕಿನಷ್ಟೇ ತೂಕ, ಸರಿಸುಮಾರು ಅಷ್ಟೇ ಉದ್ದ ಇರುವ, ರಂಧ್ರಗಳಿಲ್ಲದ ಕ್ಯಾಪ್ ಒಂದನ್ನು ಲೇತ್‌ನಲ್ಲಿ ಮಾಡಿಸಬಹುದು. ಬೆತ್ತದ ತುದಿಗೆ ಅದೇ ಕಲ್ಲು, ಗ್ಯಾಸ್ ಮಾತ್ರ ನೇರ ಮುಂದೆ. ನಾನು ಮಾಡಿಕೊಟ್ಟ ರೈಫಲ್‌ಗಳಲ್ಲಿ ಎರಡು ಝೀರೋಗಳ ಅಂತರ ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿದ್ದು ಅಪರೂಪ. ಮಾಡಿಸುವ ಮೊದಲು ಸ್ಪರ್ಧೆಯ ನಿಯಮ ಪುಸ್ತಕ ಓದಿ, ಸಲಕರಣೆ ಪರೀಕ್ಷಿಸುವವರನ್ನು ಕೇಳಿ. ಬ್ಯಾರಲ್ ತುದಿಗೆ ಹಾಕುವ ಯಾವುದಕ್ಕೂ ಉದ್ದ, ವ್ಯಾಸದ ಮಿತಿ ಇರಬಹುದು. ನೀವಿರುವ ಕಡೆಯ ಕಾನೂನು, ಲೈಸೆನ್ಸಿನ ಷರತ್ತುಗಳನ್ನೂ ನೋಡಿಕೊಳ್ಳಿ.

ಈ ದಾರಿಯಲ್ಲಿ ಒಂದು ಅಪಾಯ ಇದೆ. ಬ್ರೇಕ್ ಹಾಕಿಯೇ ಅಭ್ಯಾಸ ಮಾಡಿ, ಸ್ಪರ್ಧೆಯ ದಿನ ಬಿಚ್ಚಿ ನಿಂತರೆ ಮೊದಲ ಗುಂಡಿಗೇ ಹಳೆಯ ಬೆದರಿಕೆ ಮರಳುತ್ತದೆ. ಒದೆತ ಇದ್ದಕ್ಕಿದ್ದಂತೆ ಎರಡು ಪಟ್ಟು ಅನಿಸುತ್ತದೆ. ಸ್ಪರ್ಧೆಗೆ ಆರು ವಾರ ಇರುವಾಗಲೇ ಬಿಚ್ಚಿಬಿಡಿ. ಮೊದಲ ವಾರ ದಿನಕ್ಕೆ 15 ಗುಂಡು ಸಾಕು, ಹೆಗಲು ನೋಯುವ ಮೊದಲೇ ನಿಲ್ಲಿಸಿ. ನೋವಿನಲ್ಲಿ ಹೊಡೆದ ಪ್ರತಿ ಗುಂಡೂ ಬೆದರುವುದನ್ನೇ ಕಲಿಸುತ್ತದೆ. ಉಳಿದ ಹೊತ್ತು ಖಾಲಿ ರೈಫಲ್‌ನಲ್ಲಿ ಡ್ರೈ ಫೈರ್ ಮಾಡಿ. ಗೆಳೆಯರೊಬ್ಬರು ನಿಮಗೆ ಗೊತ್ತಾಗದಂತೆ ನಿಜವಾದ ಗುಂಡುಗಳ ನಡುವೆ ಡಮ್ಮಿ ಸೇರಿಸಿ ಲೋಡ್ ಮಾಡಿ ಕೊಡಲಿ. ಡಮ್ಮಿ ಬಂದಾಗ ಬ್ಯಾರಲ್ ಬಾಯಿ ಮುಗ್ಗರಿಸಿದರೆ ನಿಮ್ಮ ತಪ್ಪು ನಿಮ್ಮ ಕಣ್ಣಿಗೇ ಕಾಣುತ್ತದೆ. ಅಲುಗದೆ ನಿಂತರೆ ಆ ದಿನದ ಮಟ್ಟಿಗೆ ನೀವು ಗೆದ್ದಿರಿ.

ರೈಫಲ್ ತೊಳೆಯುವಾಗ ಬ್ರೇಕ್ ಬಿಚ್ಚಿಯೇ ತೊಳೆಯಿರಿ. ಇಲ್ಲದಿದ್ದರೆ ಸಾಲ್ವೆಂಟ್ ಮತ್ತು ಮಸಿ ಬ್ರೇಕಿನೊಳಗೆ ಸೇರಿ ಗಟ್ಟಿಯಾಗುತ್ತವೆ. ಹೊಡೆದ ತಕ್ಷಣ ಮುಟ್ಟಬೇಡಿ, ಕೈ ಸುಡುತ್ತದೆ. ಬಿಚ್ಚಿದಾಗ ಬ್ಯಾರಲ್ ಬಾಯಿಯ ಮಸಿ ನೋಡಿ. ಸುತ್ತಲೂ ಸಮವಾದ ನಕ್ಷತ್ರದಂತೆ ಹರಡಿದ್ದರೆ ಗ್ಯಾಸ್ ಸರಿಯಾಗಿ ಹೊರಡುತ್ತಿದೆ. ಒಂದೇ ಕಡೆ ಬಾಲ ಎಳೆದಿದ್ದರೆ ಬಾಯಿಯ ಅಂಚು ಎಲ್ಲೋ ಪೆಟ್ಟು ತಿಂದಿದೆ.

ಮುಂದಿನ ಸಲ ರೇಂಜಿಗೆ ಹೋಗುವಾಗ ಕ್ರಶ್ ವಾಷರ್ ಮನೆಯಲ್ಲೇ ಬಿಡಿ. ಶಿಮ್ ಸಿದ್ಧವಾಗುವವರೆಗೆ ಬ್ರೇಕ್ ಹಾಕಬೇಡಿ. ಕ್ಯಾಪ್ ಹಾಕಿ, ಎರಡು ಕಿವಿ ರಕ್ಷಣೆ ಹಾಕಿಕೊಂಡು, 100 ಮೀಟರ್‌ನಲ್ಲಿ ಹತ್ತು ಗುಂಡು ಹೊಡೆಯಿರಿ. ಪುಸ್ತಕದ ಮೊದಲ ಪುಟಕ್ಕೆ ಆ ಗ್ರೂಪಿನ ನಡುಬಿಂದು ಬರಲಿ.